ಅತ್ತೆಯ ಪಿಯಾನೋ

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಈಗಲೂ ಧಾರವಾಡದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಅಕ್ಕ ಶಾಲೆಯೊಂದರಲ್ಲಿ ಪಿಯಾನೋ ಕಲಿಸುತ್ತಿದ್ದರು. ನಾವಿದ್ದದ್ದು ಆ ಅತ್ತೆಯ ಮನೆಯಲ್ಲೇ. ಎತ್ತರದ ಬೆಂಚಿನ ಮೇಲೆ ಕೂತರೆ ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ತಾಸುಗಟ್ಟಲೆ ನುಡಿಸಿ ಸೊಂಟ ಸೆಳೆಯುತ್ತಿತ್ತು. ಸ್ವಲ್ಪ ಬಾಗಿದರೂ ಅತ್ತೆಯ ರೂಲುದೊಣ್ಣೆ ಬೆನ್ನೆಲುಬಿನ ಮೇಲೆ ಬೀಳುತ್ತಿತ್ತು. ಸಂಜೆ ಅವ್ವ ಅದೇ ಜಾಗಕ್ಕೆ ಎಣ್ಣೆ ತಿಕ್ಕುತ್ತಿದ್ದಳು.

ಆ ದಿನ ತುಂಬು ಬಸುರಿ ಅವ್ವ ಅಡುಗೆಮನೆಯಿಂದ ಎರಡು ಮಣೆ ತಂದು ನನ್ನ ಕಾಲ ಕೆಳಗೆ ಒಂದರ ಮೇಲೊಂದು ಇಟ್ಟಳು. ಬೆನ್ನು ತಾನಾಗಿ ನೆಟ್ಟಗಾಯಿತು.

ಅತ್ತೆ ಬಂದವರೇ ಮಣೆಗಳನ್ನು ಒದ್ದರು. "ಉಣ್ಣೂ ಮಣಿ ಮ್ಯಾಲೆ ಕಾಲಿಡಸ್ತಿಯಲ್ಲ, ನಾಚಿಕಿ ಬರೂದಿಲ್ಲೇನು?"

"ಕೂಸಿನ ಬೆನ್ನು ಭಾಳ ನೋಯಾಕತ್ತೈತ್ರಿ ಅಕ್ಕಾರ. ಕಾಲಿಗೆ ಏನರೆ ಆಸರ ಬೇಕ್ರಿ," ಎಂದಳು ಅವ್ವ.

"ಹಂಗಾರ ನೀನ ಕೂಡು ಕೆಳಗ."

ಅವ್ವ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತು, ನನ್ನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳ ಹೊಟ್ಟೆಯೊಳಗೆ ಕೂಸು ಮಿಸುಕಿದ್ದು ನನ್ನ ಕಾಲ್ಬೆರಳಿಗೆ ತಿಳಿಯಿತು.

"ಹೂಂ, ನುಡಸು," ಎಂದರು ಅತ್ತೆ.

ನುಡಿಸಿದೆ. ಬೆನ್ನು ನೋಯಲಿಲ್ಲ, ಒಂದು ಸ್ವರವೂ ತಪ್ಪಲಿಲ್ಲ. ಬಹಳ ಹೊತ್ತಿನ ಮೇಲೆ ಅತ್ತೆ ಅವ್ವನ ಕಡೆ ನೋಡಿ ನಕ್ಕರು.

"ಛಲೋ ಆತು. ನಾಳಿಂದ ದಿನಾ ಹಿಂಗ ಕೂಡು."