ಕಲ್ಲಜ್ಜನ ಎಣ್ಣಿ-ನೀರು

"ತಮ್ಮಾ, ಕಲ್ಲಿಗೆ ಕೈ ಹಚ್ಚಿದಿ ಅಂದ್ರ ನೋಡು ಮತ್ತ!" ಮುದಕವ್ವ ಕಸಬರಿಗೆ ಹಿಡಿದುಕೊಂಡೇ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತಳು. ಫಕ್ಕೀರೇಶನ ಕೈಯೊಳಗಿನ ಬ್ರಶ್ಶು ಕೈಯಲ್ಲೇ ಉಳಿಯಿತು.

ಹಾನಗಲ್ಲಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಫಕ್ಕೀರೇಶನಿಗೆ ಹಾನಗಲ್ಲ ಕದಂಬರ ಕಾಲವೆಂದರೆ ಜೀವ. ಅವರ ಮೇಲೆ ಸ್ವಂತದ್ದೊಂದು ವೆಬ್‌ಸೈಟೇ ಮಾಡಿಕೊಂಡಿದ್ದ. ಸುತ್ತಲಿನ ಹಳ್ಳಿಗಳ ವೀರಗಲ್ಲುಗಳೆಲ್ಲ ಫೋಟೊ ಸಮೇತ ಅದರೊಳಗಿದ್ದವು. ಮುದಕವ್ವನ ಹಿತ್ತಿಲಿನದೊಂದು ಮಾತ್ರ ದಕ್ಕಿರಲಿಲ್ಲ. ಅಮಾವಾಸ್ಯೆಗೊಮ್ಮೆ ಆಕೆ ಹಚ್ಚುತ್ತ ಬಂದ ಎಣ್ಣೆ ಕರಿಗಟ್ಟಿ ಅಕ್ಷರಗಳನ್ನೆಲ್ಲ ನುಂಗಿ ಕೂತಿತ್ತು. ತೊಳೆಯಲು ಆಕೆ ಬಿಡಳು, ತೊಳೆಯದೆ ಓದಲು ಬಾರದು. ಎಷ್ಟು ಸಲ ಬಂದು, ಚಹಾ ಕುಡಿದು, ಬರಿಗೈಲಿ ತಿರುಗಿದ್ದನೋ! ಈ ಸಲ ಹೆಂಡತಿ ಮಂಜುಳಾಳನ್ನೂ ಕರೆತಂದಿದ್ದ.

"ಅವ್ವಾರ, ಎರಡ ಸಾಲು ಓದಿ ಹೋಗ್ತೇನ್ರಿ," ಎಂದು ಗೋಗರೆದ.

"ನಮ್ಮ ಮನಿ ಹಿರ್ಯಾ ಅಂವ. ನಮ್ಮತ್ತಿ ಕಾಲದಿಂದ ಎಣ್ಣಿ ಹಚ್ಚಾಕತ್ತೇವಿ. ಅಜ್ಜನ ಮೈ ತಿಕ್ಕಾಕ ನೀ ಯಾರಪ್ಪ?"

ಮಂಜುಳಾ ನಡುವೆ ಬಾಯಿ ಹಾಕಿದಳು. "ಅಲ್ರಿ ಅವ್ವಾರ, ಎಣ್ಣಿ ಹಚ್ಚಿದ್ರಿ ಖರೆ. ನೀರು ಯಾವಾಗ ಎರದ್ರಿ?"

"ಆಂ?"

"ಹಬ್ಬಕ್ಕ ನಾವು ಎಣ್ಣಿ ಹಚಗೊಂಡ್ರ ಮ್ಯಾಲ ಬಿಸಿನೀರು ಎರಕೊಳ್ಳೂದಿಲ್ಲೇನ್ರಿ? ಅಜ್ಜಗ ಬರೇ ಎಣ್ಣಿ ಹಚ್ಚಿ ಹಂಗ ಕುಂದರಿಸೀರಲ್ಲ!"

ಮುದಕವ್ವನ ಮುಖ ಸಣ್ಣಗಾಯಿತು. "ಅಯ್ಯ ಶಿವನ! ಹೌದಲ್ಲವಾ, ಯಾರಿಗೂ ಹೊಳಿಲೇ ಇಲ್ಲ ನೋಡು," ಎಂದು ಕಸಬರಿಗೆ ಒಗೆದು ತಾನೇ ಒಲೆಗೆ ಹಂಡೆ ಏರಿಸಿದಳು. ಬ್ರಶ್ಶನ್ನು ಕಸಿದು ಮೂಲೆಗಿಟ್ಟಳು. ಸೀಗೆಕಾಯಿ ಪುಡಿ ಕಲಸಿ, ಬಿಸಿನೀರು ಸುರಿದು ಸುರಿದು, ಅಂಗೈಯಿಂದ ಮೆಲ್ಲಗೆ ತಿಕ್ಕಿದಳು. ಜಿಡ್ಡು ಹರಿದುಹೋದಂತೆಲ್ಲ ಅಕ್ಷರಗಳು ಒಂದೊಂದೇ ಎದ್ದವು. ಫಕ್ಕೀರೇಶ ಕೆಸರನ್ನೂ ನೋಡದೆ ಮೊಣಕಾಲೂರಿಬಿಟ್ಟ.

"ನಮ್ಮ ಮದುವ್ಯಾಗೂ ನಿಮ್ಮ ಮಾರಿ ಇಷ್ಟು ಅರಳಿದ್ದಿಲ್ಲ ಬಿಡ್ರಿ," ಎಂದಳು ಮಂಜುಳಾ.

"ಏನಂತ ಐತಿ ತಮ್ಮಾ? ಅಜ್ಜ ಭಾಳ ದೊಡ್ಡಾಂವ ಇದ್ನೇನು?" ಮುದಕವ್ವನಿಗೆ ತಡೆಯಲಾಗಲಿಲ್ಲ.

ಫಕ್ಕೀರೇಶ ಬೆರಳಿಟ್ಟು ಮತ್ತೊಮ್ಮೆ ಓದಿದ. ಹೇಳಲೋ ಬೇಡವೋ ಎಂದು ಜೀವ ಅಳುಕಿತು. ಪಾಪ, ಜೀವಮಾನವಿಡೀ ನಂಬಿಕೊಂಡು ಬಂದವಳು. ಆದರೆ ಕದಂಬರ ವಿಷಯದಲ್ಲಿ ಸುಳ್ಳು ಹೇಳಲು ಅವನಿಗೆ ಬಾಯಿ ಬರುವುದಿಲ್ಲ.

"ಅಜ್ಜ ಅಲ್ರಿ ಅವ್ವಾರ. ಸಣ್ಣ ಹುಡುಗ. ಕಳ್ಳರು ಊರ ದನ ಹೊಡಕೊಂಡು ಹೊಂಟಾಗ ಬಿಡಿಸಾಕ ಹೋಗಿ ಸತ್ತಾನ. ಈ ಕಲ್ಲು ನಿಲ್ಲಿಸಿದಾಕಿ ಅವನ ತಾಯಿ."

ಮುದಕವ್ವ ಸೆರಗಿನಿಂದ ಕಲ್ಲಿನ ತಲೆ ಒರೆಸತೊಡಗಿದಳು. "ಯವ್ವಾ, ನನ್ನ ಕೂಸ... ನಿನಗ ಅಜ್ಜ ಅಂತ ಕರದೆನಲ್ಲೋ!" ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಕಲ್ಲು ಆರಿದ ಮೇಲೆ ಅವನು ಫೋಟೊಕ್ಕೆಂದು ಮೊಬೈಲು ಎತ್ತಿದ.

"ಇದನ್ನ ಯಾರ್ಯಾರು ನೋಡ್ತಾರಪ್ಪ?"

"ಇಡೀ ಜಗತ್ತಿನ ಮಂದಿ ನೋಡಬಹುದ್ರಿ!" ಎಂದ, ಹೆಮ್ಮೆಯಿಂದ.

"ಹಂಗಾರ ತಡಿ." ಗಡಬಡಿಸಿ ಒಳಗೆ ಹೋದ ಮುದಕವ್ವ ಹಂಡೆಯ ತಳದ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ಬಂದಳು. ಕಲ್ಲಿನಲ್ಲಿ ಕೆತ್ತಿದ ಹುಡುಗನ ಕೆನ್ನೆಗೆ ದೊಡ್ಡದೊಂದು ಬೊಟ್ಟಿಟ್ಟಳು.

"ಹೂಂ, ಈಗ ತೆಗಿ. ಅಷ್ಟು ಮಂದಿ ಕಣ್ಣು ಬಿದ್ರ ನನ್ನ ಕೂಸು ತಡಕೊಂತೈತೇನು?"