ಹೊಗೆಯಲ್ಲಿ ಒಂದು ಭುಜ

ಸುರಂಗದ ನಟ್ಟನಡುವೆ ಹಾಸಿಗೆ ತುಂಬಿದ್ದ ಲಾರಿಗೆ ಬೆಂಕಿ ಹತ್ತಿಕೊಂಡಾಗ ಅವಳು ಮೊದಲು ಸುರಂಗದ ಎರಡೂ ಬಾಯಿಗಳಲ್ಲಿ ಕೆಂಪು ದೀಪ ಹಾಕಿದಳು. ಆಮೇಲೆ ಪಕ್ಕದ ಕುರ್ಚಿಯಲ್ಲಿದ್ದ ಗಂಡನ ಮುಖ ನೋಡಿದಳು. ನಿಯಂತ್ರಣ ಕೊಠಡಿಯಲ್ಲಿ ಕೂತು ಸುರಂಗದ ಕ್ಯಾಮೆರಾಗಳನ್ನು ಕಾಯುವುದು ಅವಳ ಕೆಲಸ. ಅವನು ಅಗ್ನಿಶಾಮಕ ತಂಡದ ಮುಖ್ಯಸ್ಥ. ಇಷ್ಟು ವರ್ಷ ಬೆಂಕಿ ಬಿದ್ದಾಗಲೆಲ್ಲ ಅವನು ಮುಖವಾಡ ಕಟ್ಟಿಕೊಂಡು ಹೊಗೆಯೊಳಗೆ ಮಾಯವಾಗುವುದನ್ನು ಇದೇ ಪರದೆಗಳಲ್ಲಿ ನೋಡಿ, ಅವನು ಹೊರಬರುವತನಕ ಎಂಜಲು ನುಂಗುವುದನ್ನೂ ಮರೆಯುತ್ತಿದ್ದಳು.

ಇವತ್ತು ಒಳಗೆ ಹೋದದ್ದು ಆಮೆ. ತಂಡದವರು ಹೊಸ ಯಂತ್ರಕ್ಕೆ ಇಟ್ಟ ಹೆಸರು ಅದು. ಮೊಣಕಾಲೆತ್ತರದ ಗಾಡಿ, ಮೈಮೇಲೆ ನೀರು ಚಿಮ್ಮುವ ನಳಿಗೆ, ಹೊಗೆಯಲ್ಲೂ ಮೈಶಾಖ ಗುರುತಿಸುವ ಕ್ಯಾಮೆರಾ, ಮೈಕು, ಸ್ಪೀಕರು, ಹಿಂದೆ ಹಿಡಿದು ನಡೆಯಲು ಒಂದು ಹಿಡಿ. ಅದನ್ನು ಇಲ್ಲಿಂದಲೇ ಓಡಿಸುತ್ತಿದ್ದ ಅವನು ಕುರ್ಚಿ ಬಿಟ್ಟು ಏಳಬೇಕಿಲ್ಲ. ಆದರೆ ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದು ಆಮೆ ಬರಿಗೈಯಲ್ಲಿ ಬಂದರೆ ಮುಖ್ಯಸ್ಥನೇ ಹೋಗಬೇಕೆಂಬುದು ನಿಯಮ. ಮುಖವಾಡ ಅವನ ಕಾಲ ಬಳಿಯೇ ಇತ್ತು. ಅವಳು ಅದನ್ನು ಮೆಲ್ಲಗೆ ಮೇಜಿನಡಿಗೆ ತಳ್ಳಿದಳು. ಅವನು ಪರದೆಯಿಂದ ಕಣ್ಣು ತೆಗೆಯದೆ ವಾಪಸ್ಸು ಎಳೆದುಕೊಂಡ.

ಸುರಂಗದಿಂದ ಓಡಿ ಬಂದವರೆಲ್ಲ ಒಳಗೆ ಇನ್ಯಾರೂ ಇಲ್ಲವೆಂದಿದ್ದರು. ಆದರೆ ಕಪ್ಪು ಪರದೆಯ ಮೂಲೆಯಲ್ಲಿ, ಗೋಡೆಗೆ ಒರಗಿ ಮುದುಡಿಕೊಂಡಿದ್ದ, ಮೈಶಾಖದ ಹಳದಿ ಆಕೃತಿಯೊಂದು ಕಾಣಿಸಿತು.

ಗಾಬರಿಯಾಗಬೇಡಿ, ಯಂತ್ರವನ್ನು ಹಿಂಬಾಲಿಸಿ ಎಂದು ಆಮೆ ತನಗೆ ಕಲಿಸಿದ್ದ ಮಾತನ್ನು ಒಪ್ಪಿಸಿತು. ಆಕೃತಿ ಇನ್ನಷ್ಟು ಗೋಡೆಗೆ ಒತ್ತಿಕೊಂಡಿತು. ಆಮೆ ಮತ್ತೊಮ್ಮೆ ಒಪ್ಪಿಸಿತು. ಕೆಮ್ಮಿನ ನಡುವೆ ವಯಸ್ಸಾದ ಹೆಂಗಸಿನ ದನಿ, ಯಾರಾದರೂ ಮನುಷ್ಯರು ಬನ್ನಿ ಎಂದು ಕರೆಯಿತು.

ಗಂಡ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡ. "ಅಮ್ಮಾ, ನಾನು ಫೈರ್‌ನವನು. ನಿಮ್ಮ ಪಕ್ಕದಲ್ಲೇ ಇದ್ದೀನಿ. ಎದ್ದು ನನ್ನ ಭುಜ ಹಿಡ್ಕೊಳ್ಳಿ."

ಮನುಷ್ಯರ ದನಿ ಕೇಳಿದ್ದೇ ತಡ, ಆಕೃತಿ ಎದ್ದು ನಿಂತಿತು. ಹಳದಿ ಕೈಯೊಂದು ಹೊಗೆಯಲ್ಲಿ ಆಚೆ ಈಚೆ ತಡಕಾಡಿತು.

"ಎಲ್ಲಿದ್ದೀಯಪ್ಪಾ? ಕೈಗೇ ಸಿಗ್ತಾ ಇಲ್ವಲ್ಲ."

"ಇಲ್ಲೇ ಇದ್ದೀನಮ್ಮ. ಭುಜ... ಭುಜ ಹಿಡ್ಕೊಳ್ಳಿ."

ಕೈ ಮತ್ತೆ ಗಾಳಿಯನ್ನೇ ಹಿಡಿಯಿತು. ಗಂಡನ ಎಡಗೈ ಮುಖವಾಡದತ್ತ ಹೋಯಿತು. ಆಗ ಅವಳು ಕಂಡಳು: ಕುರ್ಚಿಯಲ್ಲಿ ಕೂತಲ್ಲೇ ಅವನು ಬಲಭುಜವನ್ನು ಪರದೆಯ ಕಡೆಗೆ ಬಗ್ಗಿಸಿ ಕೊಟ್ಟಿದ್ದ.

"ರೀ," ಎಂದಳು, "ಅಲ್ಲಿ ನಿಮಗೆ ಭುಜ ಇಲ್ಲ."

ಅವನು ಅವಳನ್ನೇ ಪಿಳಿಪಿಳಿ ನೋಡಿದ. ಮರುಕ್ಷಣ ಮೈಕಿಗೆ ಬಗ್ಗಿ, "ತಪ್ಪಾಯ್ತಮ್ಮ, ನಾನು ಆಳು ಸ್ವಲ್ಪ ಗಿಡ್ಡ. ಬಗ್ಗಿ, ನಿಮ್ಮ ಮೊಣಕಾಲಿನ ಹತ್ತಿರ ತಡವಿ ನೋಡಿ. ಬಗ್ಗಿದ್ರೆ ಹೊಗೇನೂ ಕಮ್ಮಿ" ಎಂದ.

ಹಳದಿ ಕೈ ಕೆಳಗಿಳಿಯಿತು. ಹಿಡಿ ಸಿಕ್ಕಿತು. ಆಮೆ ಬೆಂಕಿಯ ಕಡೆಗೆ ನೀರಿನ ತುಂತುರಿನ ತೆರೆ ಕಟ್ಟುತ್ತ ಹೊರಟಿತು; ಹಿಡಿ ಬಿಡದೆ ಅದರ ಹಿಂದೆಯೇ, ಬಗ್ಗಿದ ಆ ಹೆಂಗಸು. ದಾರಿಯುದ್ದಕ್ಕೂ ಗಂಡ ಏನೇನೋ ಮಾತಾಡುತ್ತಲೇ ಇದ್ದ. ಆಕೆ ಕೆಮ್ಮುತ್ತ, ಗೊಣಗುತ್ತ, ಇಷ್ಟು ಗಿಡ್ಡ ಇದ್ದವನನ್ನು ಈ ಕೆಲಸಕ್ಕೆ ಯಾರು ತೆಗೆದುಕೊಂಡರು ಎಂದೂ ಕೇಳಿದಳು. ಸುರಂಗದ ಬಾಯಿಯಲ್ಲಿ ಕಾದಿದ್ದ ತಂಡದವರು ಕಂಬಳಿ ಹೊದಿಸಿದಾಗ ಮಾತ್ರ ಆಕೆ ಹಿಡಿ ಬಿಟ್ಟು, ಆಮೆಯ ಬಿಸಿ ಬೆನ್ನನ್ನು ಕಂಡು, ಬಾಯಿ ತೆರೆದು ನಿಂತಳು.

ಕೊಠಡಿಯಲ್ಲಿ ಗಂಡ ಎದ್ದು ಮೈ ಮುರಿದ. ಅವಳು ಅವನ ಹತ್ತಿರ ಹೋಗಿ ನಿಂತಳು. ಬೆಂಕಿ ಬಿದ್ದ ದಿನ ಅವನಿಂದ ಹೊಗೆ ವಾಸನೆ ಬಾರದೇ ಇದ್ದದ್ದು ಇದೇ ಮೊದಲು. ಬೆಳಿಗ್ಗೆ ಅವಳು ಇಸ್ತ್ರಿ ಹಾಕಿದ ಗೆರೆ ತೋಳಿನ ಮೇಲೆ ಹಾಗೇ ಇತ್ತು.

"ಸೊಂಟ ಹಿಡ್ಕೊಂಡುಬಿಟ್ಟಿದೆ ಕಣೇ," ಎಂದು ಅವನು ಮುಖ ಕಿವುಚಿದ. "ಎಂಥ ಹಾಳು ಕುರ್ಚಿ ಇದು."

ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣೂ ತುಂಬಿ ಬಂತು. "ಬೈಕೊಳ್ಳಿ," ಎಂದಳು, "ಇನ್ನೂ ಸ್ವಲ್ಪ ಬೈಕೊಳ್ಳಿ. ಕೇಳೋಕೆ ಎಷ್ಟು ಚೆನ್ನಾಗಿದೆ."