ಪ್ರೆಸ್ ಅನ್ನುವ ತನಕ

ಕಜೆಟನ್ ಸರ್ ಅಂದು ರಾಡ್‌ನ ಬಲಬದಿಯಲ್ಲಿ ಪ್ಲೇಟು ಜಾರದಂತೆ ಹಿಡಿಯುವ ಲಾಕ್ ಹಾಕಲಿಲ್ಲ. ಎಡಬದಿಯದನ್ನು ಮಾತ್ರ ತಿರುಗಿಸಿ ಬಿಗಿ ಮಾಡಿ, ಬೆಂಚಿನ ತಲೆಯ ಕಡೆ ಬಂದು ನಿಂತರು.

ಜಿತೇಶ್ ಅದನ್ನು ಗಮನಿಸಿದ. ಇಪ್ಪತ್ತು ವರ್ಷದಿಂದ ಪವರ್‌ಲಿಫ್ಟಿಂಗ್ ಕಲಿಸುತ್ತಿರುವ ಮನುಷ್ಯ. ಲಾಕ್ ಹಾಕದ ರಾಡ್ ಮುಟ್ಟಿದವರ ಜನ್ಮ ಜಾಲಾಡುವವರು. ಅವರೇ ಮರೆಯುವುದುಂಟೇ? ಮರೆತದ್ದಲ್ಲ ಎಂದಿತು ಅವನ ಮನಸ್ಸು.

ಭಾನುವಾರ, ಕದ್ರಿಯ ಆ ಜಿಮ್‌ಗೆ ರಜೆ. "ನಾಳೆ ಬೆಳಿಗ್ಗೆ ನಾವಿಬ್ಬರೇ. ನೂರ ನಲವತ್ತು ಕಿಲೊ ಎತ್ತು, ಮತ್ತೆ ನಿನ್ನ ಹತ್ರ ಒಂದು ಮಾತು ಉಂಟು" ಎಂದು ಸರ್ ಹಿಂದಿನ ದಿನ ಹೇಳಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಜಿತೇಶನದು. ಸಬ್ ರಿಜಿಸ್ಟ್ರಾರ್ ಕಚೇರಿಯ ಬೋರ್ಡಿನಲ್ಲಿ ಹತ್ತು ದಿನದಿಂದ ಒಂದು ಮದುವೆ ನೋಟಿಸ್ ಅಂಟಿಕೊಂಡಿತ್ತು. ಅದರಲ್ಲಿ ಎರಡು ಫೋಟೊ. ಒಂದು ಅವನದು. ಇನ್ನೊಂದು ಸರ್ ಅವರ ಒಬ್ಬಳೇ ಮಗಳು ಮೆಲಿಸಾಳದು. ಆಕ್ಷೇಪಣೆ ಇದ್ದವರು ತಿಳಿಸಬೇಕಂತೆ. ಸರ್‌ಗೆ ಇಬ್ಬರೂ ಹೇಳಿರಲಿಲ್ಲ.

ಇವತ್ತು ಬಂದಾಗಲೇ ಸರ್ ಬೇರೆ ಮನುಷ್ಯರಾಗಿದ್ದರು. ಬಲಗಾಲಿನ ಚಪ್ಪಲಿ ಬಾಗಿಲಲ್ಲೇ ಕಳಚಿತು, ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಚಹಾದ ಲೋಟ ಜಾರಿ ಬಿತ್ತು, ಅದನ್ನೂ ನೋಡಲಿಲ್ಲ. ಇಷ್ಟು ಸಿಟ್ಟು ಒಳ್ಳೆಯದಲ್ಲ ಅನಿಸಿತು ಜಿತೇಶನಿಗೆ.

"ಮೆಲಿಸಾ ಎಲ್ಲ ಹೇಳಿದ್ಳು ಮಾರಾಯ." ಮಾತು ತೊದಲುತ್ತಿತ್ತು. ಬೆಳಬೆಳಿಗ್ಗೆಯೇ ಕುಡಿದು ಬಂದರೇ?

"ಸರ್, ಅದು ಎಂತ ಅಂದ್ರೆ..."

"ಈಗ ಬೇಡ. ಮಲಗು."

ಮಲಗಿದ. ಬೇರೆ ದಾರಿ ಗೊತ್ತಿರಲಿಲ್ಲ. ಆರು ವರ್ಷದಿಂದ ಈ ಮನುಷ್ಯ ಹೇಳಿದ್ದನ್ನು ಕೇಳಿಯೇ ಅಭ್ಯಾಸ. ಹೆಗಲ ಹಿಂದಿನ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ಎಳೆದುಕೊಂಡ. ಹಿಮ್ಮಡಿ ನೆಲಕ್ಕೊತ್ತಿದ. ಹೆಬ್ಬೆರಳನ್ನು ರಾಡ್‌ಗೆ ಸುತ್ತಿದ. ಎಲ್ಲ ಸರ್ ಕಲಿಸಿದ್ದೇ.

ಸ್ಪರ್ಧೆಯಲ್ಲಿ ರೆಫರಿ ಮೂರು ಮಾತು ಹೇಳುತ್ತಾರೆ. ಸ್ಟಾರ್ಟ್ ಎಂದರೆ ಇಳಿಸಬೇಕು. ಎದೆಯ ಮೇಲೆ ರಾಡ್ ಅಲುಗದೆ ನಿಂತ ಮೇಲೆ ಪ್ರೆಸ್ ಎನ್ನುತ್ತಾರೆ, ಆಗ ಎತ್ತಬೇಕು. ರ್‍ಯಾಕ್ ಎಂದರೆ ಸ್ಟ್ಯಾಂಡಿಗೆ ಮರಳಿಸಬೇಕು. ಕಳೆದ ವರ್ಷ ಜಿಲ್ಲಾ ಕೂಟದಲ್ಲಿ ಜಿತೇಶ್ ಎರಡು ಸಲ ಪ್ರೆಸ್ ಅನ್ನುವ ಮೊದಲೇ ಎತ್ತಿ ಪದಕ ಕಳೆದುಕೊಂಡಿದ್ದ. ಅಂದಿನಿಂದ ಸರ್ ಅವರದು ಒಂದೇ ಆಜ್ಞೆ: "ನಾನು ಪ್ರೆಸ್ ಅನ್ನುವ ತನಕ ಮನೆಗೆ ಬೆಂಕಿ ಬಿದ್ರೂ ಎತ್ಲಿಕ್ಕಿಲ್ಲ."

"ಸ್ಟಾರ್ಟ್."

ರಾಡ್ ಇಳಿಯಿತು. ಎದೆಯ ಮೇಲೆ ನಿಂತಿತು. ಒಂದು. ಎರಡು. ಇಷ್ಟರಲ್ಲಿ ಮಾತು ಬರಬೇಕಿತ್ತು.

ಬರಲಿಲ್ಲ. ನಾಲ್ಕು. ಐದು. ತೋಳು ನಡುಗಿತು. ಆರು ವರ್ಷದ ಶಿಸ್ತು ಅವನನ್ನು ಅಲ್ಲೇ ಹಿಡಿದಿಟ್ಟಿತು. ಎಂಟಕ್ಕೆ ಆಜ್ಞೆ ಮೀರಿ ನೂಕಿ ನೋಡಿದ. ರಾಡ್ ಒಂದಿಂಚು ಎದ್ದು ಮತ್ತೆ ಕುಸಿಯಿತು.

"ಸರ್!"

ಮೇಲೆ ತಲೆಕೆಳಗಾಗಿ ಕಾಣುತ್ತಿದ್ದ ಮುಖ ಅವನನ್ನೇ ನೋಡುತ್ತಿತ್ತು. ತುಟಿಯ ಒಂದೇ ಬದಿ ನಕ್ಕಂತಿತ್ತು. ಆಮೇಲೆ ಎಡಗೈ ಬಂದು ರಾಡ್ ಮೇಲೆ ಕೂತಿತು. ಎತ್ತಲಿಲ್ಲ. ಭಾರ ಹೆಚ್ಚಿತು.

ಸತ್ತೆ ಎಂದುಕೊಂಡ. ಆಗ ನೆನಪಾದದ್ದು ಬಲಬದಿಯ ಲಾಕ್. ಇದ್ದಬದ್ದ ಬಲವನ್ನೆಲ್ಲ ಹಾಕಿ ರಾಡ್ ಅನ್ನು ಬಲಕ್ಕೆ ಓರೆ ಮಾಡಿದ. ಪ್ಲೇಟುಗಳು ಒಂದೊಂದಾಗಿ ಜಾರಿ ಬಿದ್ದವು, ರಾಡ್ ಎಡಕ್ಕೆ ಮಗುಚಿತು. ಜಿತೇಶ್ ಉರುಳಿ ಎದ್ದು ಬಾಗಿಲಿಗೆ ಓಡಿದ. ಗೋಡೆ ಗಡಿಯಾರದಲ್ಲಿ ಆರು ಐವತ್ತು. ಬೆನ್ನ ಹಿಂದೆ ಏನೋ ದೊಪ್ಪನೆ ಬಿತ್ತು. ಪ್ಲೇಟನ್ನೇ ಎಸೆದಿರಬೇಕು. ತಿರುಗಿ ನೋಡದೆ ಹೊರಗೆ ಹಾರಿ, ಶಟರ್ ಎಳೆದು, ಅಟ್ಟಿಸಿಕೊಂಡು ಬಾರದ ಹಾಗೆ ಕೊಂಡಿ ಸಿಕ್ಕಿಸಿದ.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಶಶಿಪ್ರಭಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೊಲೆ ಯತ್ನ ಅಂತ ಬರೀತೀರಾ? ಆಲೋಚನೆ ಮಾಡಿದ್ದೀರಾ?"

"ಮಾಡಿದ್ದೇನೆ ಮೇಡಂ."

"ಹಾಗಾದ್ರೆ ಗಂಟೆ ಸರಿಯಾಗಿ ಬರೀರಿ. ಕೋರ್ಟಿನಲ್ಲಿ ಅದನ್ನೇ ಕೇಳುವುದು."

ಬರೆದ. ಅವರು ಕಜೆಟನ್ ಸರ್ ನಂಬರಿಗೆ ಎರಡು ಸಲ ಫೋನ್ ಮಾಡಿದರು. "ರಿಂಗ್ ಆಗ್ತದೆ, ತೆಗೀತಾ ಇಲ್ಲ."

"ಹೇಗೆ ತೆಗೀತಾರೆ?" ಎಂದ ಜಿತೇಶ್ ಕಹಿಯಾಗಿ.

ಸ್ಥಳಕ್ಕೆ ಹೋಗಿ ನೋಡಬೇಕಾದ ಎಸ್‌ಐ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಕಾಯುತ್ತಾ ಕೂತವನಿಗೆ ಮೆಲಿಸಾಳ ಫೋನ್ ಬಂದದ್ದು ಹನ್ನೆರಡೂವರೆಗೆ. ಅವಳು ಅಳುತ್ತಿದ್ದಳು. ಪಪ್ಪ ಆಸ್ಪತ್ರೆಯಲ್ಲಿ ಎಂಬುದಷ್ಟೇ ಅರ್ಥವಾಯಿತು.

ಅವನು ತಲುಪಿದಾಗ ಅವಳು ಐಸಿಯು ಬಾಗಿಲಲ್ಲಿದ್ದಳು. "ಜಿಮ್‌ನಿಂದ ಸೀದಾ ಬಿಕರ್ನಕಟ್ಟೆ ಚರ್ಚಿಗೆ ಪೂಜೆಗೆ ಹೋಗಿದ್ದಾರೆ ಅಂತ ಎಣಿಸಿದ್ದೆ. ಪೂಜೆ ಮುಗಿದು ಎಷ್ಟು ಹೊತ್ತಾದ್ರೂ ಬರ್ಲಿಲ್ಲ. ಹೋಗಿ ನೋಡಿದ್ರೆ ಶಟರ್‌ಗೆ ಹೊರಗಿಂದ ಕೊಂಡಿ, ಒಳಗೆ ಪಪ್ಪ ನೆಲದಲ್ಲಿ." ಅವನ ತೋಳು ಹಿಡಿದುಕೊಂಡಳು. "ನಮ್ಮ ಮದುವೆಗೆ ನಿನ್ನೆ ಒಪ್ಪಿದ್ರು ಜಿತೇಶ್. ನಾನೇ ಅವನಿಗೆ ಹೇಳ್ತೇನೆ, ನೀನು ಬಾಯಿ ಬಿಡ್ಬೇಡ ಅಂದಿದ್ರು. ಹೇಳಿದ್ರಾ?"

ಅಷ್ಟರಲ್ಲಿ ಒಳಗಿಂದ ಡಾಕ್ಟರ್ ಬಂದರು.

"ಸ್ಟ್ರೋಕ್. ಬಲಬದಿ ಪೂರ್ತಿ ಹೋಗಿದೆ, ಮಾತೂ ಇಲ್ಲ. ನಾಲ್ಕೂವರೆ ಗಂಟೆಯೊಳಗಾದ್ರೆ ಒಂದು ಇಂಜೆಕ್ಷನ್ ಉಂಟು. ಮಾತು ನಿಂತದ್ದು ಎಷ್ಟು ಗಂಟೆಗೆ ಅಂತ ಯಾರಿಗಾದ್ರೂ ಗೊತ್ತುಂಟಾ?"

ಜಿತೇಶನ ಜೇಬಿನಲ್ಲಿ ಠಾಣೆಯ ಮೊಹರು ಬಿದ್ದ ದೂರಿನ ನಕಲು ಇತ್ತು. ಅದರಲ್ಲಿ, ಅವನದೇ ಅಕ್ಷರದಲ್ಲಿ, ಬೆಳಿಗ್ಗೆ ಆರು ಐವತ್ತು ಎಂದಿತ್ತು.